ಮೂರು ಟಗರಿನ ತೂಕದ ಚಿಕ್ಕಪ್ಪ

ಕೆಟ್ಟದ್ದು ಶುರುವಾದದ್ದು ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ. ಗಂಟೆ ಇಷ್ಟು ಕರಾರುವಾಕ್ಕಾಗಿ ಗೊತ್ತಿರಲು ನಾನು ತೆಗೆದ ಫೋಟೊ ಕಾರಣ. ನಿನ್ನೆ ಮದ್ದೂರಿನ ಗ್ರಂಥಿಗೆ ಅಂಗಡಿಯಲ್ಲಿ ಯಾರೋ ಬಾವಂಚಿ ಎಣ್ಣೆಯ ಸೀಸೆ ತೆರೆದರು ನೋಡಿ, ಆ ಘಾಟಿಗೆ ಅಂದಿನದೆಲ್ಲ ಮತ್ತೆ ನೆನಪಾಗಿ ಆ ಫೋಟೊ ತೆರೆದೆ.

ಫೋಟೊದಲ್ಲಿ ಬಂಡೂರಿನ ನಮ್ಮ ಚಿಕ್ಕಪ್ಪ ಅಂಗಳದ ನಡುವೆ ತೋಳು ಚಾಚಿ ನಿಂತಿದ್ದಾನೆ, ಒಣಹಾಕಿದ ಅಂಗಿಯ ಹಾಗೆ. ಸುತ್ತ ಅವನ ಕುರಿಗಳು ಅವನನ್ನೇ ನೋಡುತ್ತಿವೆ. ನಾನು ನಗುತ್ತ ಫೋಟೊ ಹೊಡೆದೆ. ಬಿ.ಎಸ್ಸಿ. ಓದಿದವನ ಬುದ್ಧಿ ಅಷ್ಟು.

ಅವನ ಬಲಗೈ ಮೇಲೆ ಬಿಳಿ ಮಚ್ಚೆ ಕಾಣಿಸಿ ನಾಲ್ಕು ತಿಂಗಳಾಗಿತ್ತು. ತೊನ್ನು ಎಂಬ ಮಾತನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಆದರೆ ಬಾಣಂತನಕ್ಕೆ ಬಂದಿದ್ದ ಮಗಳ ಕೂಸನ್ನು ಚಿಕ್ಕಪ್ಪ ಒಮ್ಮೆಯೂ ಎತ್ತಿಕೊಂಡಿರಲಿಲ್ಲ, ಅಂಟೀತೆಂಬ ಭಯ. ತೊಟ್ಟಿಲಿಗೆ ಮಾರು ದೂರ ನಿಂತು, ಕುರಿ ಕರೆಯುವ ದನಿಯಲ್ಲಿ ಮೊಮ್ಮಗುವನ್ನು ಮುದ್ದಿಸುತ್ತಿದ್ದ. ನೋಡಲಾರದೆ ನಾನೇ ಫೋನಿನಲ್ಲಿ ಓದಿ, ಮಚ್ಚೆಗೆ ಹಚ್ಚಲೆಂದು ಆ ಬಾವಂಚಿ ಎಣ್ಣೆ ತಂದುಕೊಟ್ಟೆ. ಎರಡು ಹನಿ, ಎಳೆಬಿಸಿಲಲ್ಲಿ ಐದು ನಿಮಿಷ ಎಂದಿದ್ದೆ.

ಕುರಿಗೆ ಜಂತಿನ ಔಷಧಿ ಕುಡಿಸುವುದು ತೂಕ ನೋಡಿ. ಚಿಕ್ಕಪ್ಪನಿಗೆ ಗೊತ್ತಿದ್ದ ವೈದ್ಯವೆಲ್ಲ ಅದೇ. ಮಧ್ಯಾಹ್ನ ಒಂದಕ್ಕೆ ಊಟಕ್ಕೆ ಕರೆಯಹೋದರೆ ಇನ್ನೂ ನಿಂತೇ ಇದ್ದ. ಅರ್ಧ ಸೀಸೆ ಖಾಲಿ.

"ನೀನೇಳಿದ್ದು ಒಂದ್ ಟಗ್ರಿಗೆ ಸಾಲ್ತದೆ. ನಾನು ಮೂರ್ ಟಗ್ರು ತೂಕ ಇವ್ನಿ ಕಣ್ಲಾ. ಬಿಸ್ಲಿಗೆ ಅಳತೆ ಎಲ್ಲದೆ?"

ಸಂಜೆಗೆ ತೋಳು ಊದಿ ಬೊಬ್ಬೆಗಳೆದ್ದವು. ಜ್ವರ ಏರಿ, ನನ್ನ ಮುಖ ನೋಡಿ ಇದು ಯಾರ ಟಗರು ಎಂದು ಕೇಳಿದ. ಅವನನ್ನು ಆಸ್ಪತ್ರೆಗೆ ಒಯ್ದ ಮಳವಳ್ಳಿ-ಮಂಡ್ಯ ರಸ್ತೆಯ ಒಂದೊಂದು ಹಂಪೂ ನನಗೆ ಇವತ್ತಿಗೂ ಬಾಯಿಪಾಠ. ಔಷಧಿ ಕೊಟ್ಟವರು ಯಾರೆಂದು ಡಾಕ್ಟರಮ್ಮ ಕೇಳಿದಾಗ ನಾನು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದೆ. ಆ ಎಣ್ಣೆ ಹಚ್ಚಿ ಬಿಸಿಲಿಗೆ ನಿಂತರೆ ಚರ್ಮ ಬೇಯುತ್ತದೆ ಎಂದರು. ಚರ್ಮಕ್ಕೆ ಬಣ್ಣ ಕೊಡುವ ಜೀವಕಣಗಳನ್ನು ಮೈಯೇ ತನ್ನವಲ್ಲವೆಂದು ಕೊಲ್ಲುವುದರಿಂದ ಮಚ್ಚೆ ಬರುತ್ತದೆ, ಮುಟ್ಟಿದರೆ ಅಂಟುವುದಿಲ್ಲ ಎಂದೂ ಹೇಳಿದರು.

ಜೀವ ಉಳಿಯಿತು. ಊರಿಗೆ ಬಂದ ಮೇಲೆ ನಾನು ಕಣಗಳ ಚಿತ್ರ ಬರೆದು ಬರೆದು ವಿವರಿಸಿದೆ. ಚಿಕ್ಕಪ್ಪ ತೊಟ್ಟಿಲಿನಿಂದ ಇನ್ನೂ ಒಂದು ಮಾರು ದೂರ ಸರಿದ. ರಾತ್ರಿಯೆಲ್ಲ ಉರಿಗೆ ಎದ್ದು ಕೂರುತ್ತಿದ್ದ, ಎಣ್ಣೆ ತಂದುಕೊಟ್ಟ ನನಗೂ ನಿದ್ದೆಯಿಲ್ಲ.

ಹನ್ನೊಂದನೆಯ ದಿನ ಚಿಕ್ಕಮ್ಮ ಮುದ್ದೆ ಕಟ್ಟುತ್ತ, ತಲೆ ಎತ್ತದೆ ಹೇಳಿದಳು: "ಆ ಕಂದುಮೂತಿ ಕುರಿ ಆರು ವರ್ಸದಿಂದ ಬಿಳೀವ್ರ ಮಗ್ಗುಲಲ್ಲೇ ಮನಿಕತದೆ. ಅದ್ರ ಬಣ್ಣ ಒಂದ್ಕಾದ್ರೂ ಅಂಟ್ಕತಾ?"

ಚಿಕ್ಕಪ್ಪ ಎದ್ದು ಕೊಟ್ಟಿಗೆಗೆ ಹೋದ. ಒಂದೊಂದೇ ಕುರಿಯ ಮೂತಿ ತಿರುಗಿಸಿ ನೋಡಿದ. ವಾಪಸು ಬಂದು ಕೈ ತೊಳೆದು, "ಮಗೀನ ಕೊಡಮ್ಮಿ" ಎಂದ.

ಎಡಗೈ ಮೇಲೆ ಕೂಸನ್ನು ಮಲಗಿಸಿಕೊಂಡು, ಬಲಗೈಗೆ ಸುತ್ತಿದ್ದ ಬಟ್ಟೆಕಟ್ಟಿನಿಂದ ಹೊರಗಿದ್ದ ಬಿಳಿ ಬೆರಳಿನಿಂದ ಅದರ ಕೆನ್ನೆ ಮುಟ್ಟಿದ.

ಮಚ್ಚೆ ಈಗ ಮೊಣಕೈ ದಾಟಿದೆ. ನಿನ್ನೆ ಆ ಎಣ್ಣೆ ಕೊಳ್ಳುತ್ತಿದ್ದವರನ್ನು ತಡೆದು, ಮೊದಲು ಡಾಕ್ಟರನ್ನು ಕೇಳಿ ಎಂದೆ. ನೀವು ಯಾರು ಎಂದರು. ಓದಿದವನು ಎನ್ನದೆ, ಫೋನಿನಲ್ಲಿದ್ದ ಆ ಫೋಟೊ ತೋರಿಸಿದೆ.

ಚಿಕ್ಕಪ್ಪ ಕೂಸನ್ನು ಎತ್ತಿಕೊಂಡ ಆ ಹನ್ನೊಂದನೆಯ ದಿನ ಬುಧವಾರ. ರಾತ್ರಿ ಕೂಸು ತಾತನ ಮಗ್ಗುಲಲ್ಲೇ ಮಲಗಿತು. ಬೆಳಗಾಗುವ ತನಕ ಚಿಕ್ಕಪ್ಪನಿಗಾಗಲಿ ನನಗಾಗಲಿ, ಮನೆಯಲ್ಲಿ ಯಾರಿಗೂ ಎಚ್ಚರವಾಗಲಿಲ್ಲ.