ಮೀನು ಮಾರುವ ಕೈಗೆ ಸೆರಮೈಡ್

ಒಂದು ನಿಮಿಷ ನಿಲ್ಲಿ ಮಾರಾಯ್ರೆ. ಸೆರಮೈಡ್ ಅಂತ ಕಂಡ ಕೂಡಲೇ ಇದು ಚಂದ ಆಗುವವರ ವಿಷಯ ಅಂತ ಮುಂದೆ ಹೋಗಬೇಡಿ. ಇದರಲ್ಲಿ ಬಂಗುಡೆ ಉಂಟು, ದೋಣಿ ಉಂಟು, ಒಂದು ಸಣ್ಣ ಮಗುವೂ ಉಂಟು. ಸ್ವಲ್ಪ ಕಾಯಿರಿ, ಎಲ್ಲ ಬರ್ತದೆ.

ನಾನು ಡಾಕ್ಟರಲ್ಲ. ಓದಿದ್ದು ಬಿಕಾಂ, ಕೆಲಸ ಮಣಿಪಾಲದ ಒಂದು ಆಫೀಸಿನಲ್ಲಿ. ನಮ್ಮೂರು ಕಾಪುವಿನಿಂದ ಬಸ್ಸಿನಲ್ಲಿ ಹೋಗುವಾಗ ಎಲ್ಲರೂ ಮೊಬೈಲಲ್ಲಿ ರೀಲ್ಸ್ ನೋಡಿದರೆ ನಾನು ಕ್ರೀಮಿನ ಡಬ್ಬಿಯ ಹಿಂದಿನ ಸಣ್ಣಕ್ಷರ ಓದ್ತೇನೆ. ಮೊಡವೆಯಿಂದ ಶುರುವಾದದ್ದು. ಮೊಡವೆ ಹೋಯ್ತು, ಹುಚ್ಚು ಉಳೀತು. "ಇವನ ವಯಸ್ಸಿನವರು ಹುಡುಗಿಯರ ಮುಖ ನೋಡ್ತಾರೆ, ಇವ ತನ್ನದೇ ನೋಡಿಕೊಂಡು ಕೂತಿರ್ತಾನೆ" ಅಂತ ನಮ್ಮ ಸುಶೀಲ ದೊಡ್ಡಮ್ಮ ಬೀದಿಗೆಲ್ಲ ಕೇಳುವ ಹಾಗೆ ಹೇಳಿಯಾಗಿದೆ.

ದೊಡ್ಡಮ್ಮ ಅಂದರೆ ನನ್ನ ಅಮ್ಮನ ಅಕ್ಕ, ನಮ್ಮ ಪಕ್ಕದ ಮನೆ. ಕಾಪು ಮಾರ್ಕೆಟಲ್ಲಿ ಬಂಗುಡೆ ಮೀನು ಮಾರುವುದು. ಬೆಳಿಗ್ಗೆಯಿಂದ ಕೈ ಐಸಿನಲ್ಲಿ, ಇಲ್ಲದಿದ್ದರೆ ಉಪ್ಪುನೀರಿನಲ್ಲಿ. ದಿನವಿಡೀ ನೀರಿನಲ್ಲೇ ಇರುವ ಕೈ ಒಣಗಿ ಬಿರುಕು ಬಿಡುವುದು ಎಂತಹ ವಿಚಿತ್ರ ಅಲ್ವಾ? ಓದಿದ ಮೇಲೆ ಗೊತ್ತಾಯ್ತು, ನೀರು ಬಂದು ಬಂದು ಹೋಗುವಾಗ ಚರ್ಮದ ಜಿಡ್ಡನ್ನೂ ಸ್ವಲ್ಪ ಸ್ವಲ್ಪ ಕರಕೊಂಡೇ ಹೋಗ್ತದಂತೆ.

ಅಷ್ಟು ಸಾಲದ್ದಕ್ಕೆ ಮೀನಿನವರ ಮನೆಯಲ್ಲಿ ಒಂದು ಕ್ರಮ ಉಂಟು. ವ್ಯಾಪಾರ ಮುಗಿಸಿ ಬಂದರೆ ಕೈ ತೊಳೆಯುವುದಲ್ಲ, ಕೈ ತಿಕ್ಕುವುದು. ಮೊದಲು ಬಟ್ಟೆ ಸೋಪು, ಮೇಲಿಂದ ಹುಣಸೆಹುಳಿ, ಕಡೆಗೆ ಲಿಂಬೆ ಸಿಪ್ಪೆ. ತೆಂಗಿನ ನಾರಿನಲ್ಲಿ ಹಿತ್ತಾಳೆ ದೀಪ ಬೆಳಗಿದ ಹಾಗೆ! ಮದುವೆಗೆ ಹೋಗುವುದಿದ್ದರೆ ಇನ್ನೊಂದು ಸುತ್ತು. ನಗಬೇಡಿ. ಬಸ್ಸಿನಲ್ಲಿ ಪಕ್ಕದವರು ಒಮ್ಮೆ ಮೂಗು ಮುಚ್ಚಿಕೊಂಡರೆ ಅದು ಜನ್ಮಕ್ಕೂ ಮರೆಯುವುದಿಲ್ಲ.

ಹೀಗಿರುವಾಗ ಕಾರ್ಕಳಕ್ಕೆ ಮದುವೆಯಾಗಿ ಹೋದ ದೊಡ್ಡಮ್ಮನ ಮಗಳು ಅಶ್ವಿನಿ ಬಾಣಂತನಕ್ಕೆ ಬಂದಳು. ಹೆಣ್ಣು ಮಗು. ನಮ್ಮಲ್ಲಿ ಮಗುವನ್ನು ಮೀಯಿಸುವುದು ಅಂದರೆ ಅಜ್ಜಿಯ ಹಕ್ಕು. ದೊಡ್ಡಮ್ಮ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ಹಚ್ಚಿದ್ದೇ ಹಚ್ಚಿದ್ದು, ಬೆರಳಿನ ಬಿರುಕು ತಾಗಿ ಮಗುವಿನ ಬೆನ್ನಲ್ಲಿ ಕೆಂಪು ಗೆರೆ ಎದ್ದಿತು. ಅವತ್ತಿಂದ ದೊಡ್ಡಮ್ಮ ಮಗುವನ್ನು ಮುಟ್ಟಲೇ ಇಲ್ಲ. ಮೀಯಿಸಲಿಕ್ಕೆ ಬೇರೆ ಹೆಂಗಸು ಬಂದರು. ಇವರು ಬಿಸಿನೀರು ತಂದಿಟ್ಟು, ಕೈಗೆ ಸೆರಗು ಸುತ್ತಿಕೊಂಡು ಬಾಗಿಲಲ್ಲಿ ನಿಲ್ಲುವುದು. ಮತ್ತೆ ಹಿತ್ತಿಲಿಗೆ ಹೋಗಿ ಇನ್ನಷ್ಟು ತಿಕ್ಕುವುದು! ಅಶ್ವಿನಿ ಕಾರ್ಕಳಕ್ಕೆ ವಾಪಸು ಹೋಗಲಿಕ್ಕೆ ಇನ್ನು ಒಂದು ತಿಂಗಳು ಮಾತ್ರ ಉಳಿದಿತ್ತು.

ನನಗೆ ತಡೀಲಿಲ್ಲ. ಆದರೆ ಸೆರಮೈಡನ್ನು ದೊಡ್ಡಮ್ಮನಿಗೆ ಹೇಗೆ ಹೇಳುವುದು? ದೊಡ್ಡಪ್ಪ ಇದ್ದಾಗ ಅವರಿಗೆ ಮರದ ದೋಣಿ ಇತ್ತು. ನೀರು ಸೋರದ ಹಾಗೆ ಹಲಗೆ ಹಲಗೆಯ ಸಂದಿಗೆ ಹತ್ತಿ ತುರುಕಿ, ಮೇಲಿಂದ ಎಣ್ಣೆ ಬಳಿಯುವುದನ್ನು ದೊಡ್ಡಮ್ಮ ನೋಡಿದವರು. ಅದನ್ನೇ ಹಿಡಿದೆ. ಚರ್ಮದ ಮೇಲ್ಪದರದ ಕೋಶಗಳು ಹಲಗೆ ಅಂತ ಇಟ್ಟುಕೊಳ್ಳಿ. ಸಂದಿನಲ್ಲಿ ಒಂದು ಜಿಡ್ಡು ಇರ್ತದೆ, ಅದರಲ್ಲಿ ದೊಡ್ಡ ಪಾಲು ಸೆರಮೈಡ್. ಚರ್ಮವೇ ಮಾಡಿಕೊಳ್ಳುವ ವಸ್ತು, ಪ್ರಾಯ ಆದ ಹಾಗೆ ಕಡಿಮೆ ಆಗ್ತದೆ. ಅದು ಇದ್ದರೆ ಒಳಗಿನ ನೀರು ಆರುವುದಿಲ್ಲ, ಹೊರಗಿನ ಸೋಪು-ಹುಳಿ ಒಳಗೆ ನುಗ್ಗುವುದಿಲ್ಲ.

"ನೀವು ದಿನಾ ಸಂದಿನ ಹತ್ತಿ ಕಿತ್ತು ಬಿಸಾಡ್ತಿದ್ದೀರಿ ದೊಡ್ಡಮ್ಮ."

"ಹತ್ತಿ ಕಿತ್ತರೆ ದೋಣಿ ಮುಳುಗಬೇಕಲ್ಲ? ನನ್ನದು ತೇಲ್ತಾ ಉಂಟು."

"ತೇಲ್ತಾ ಉಂಟು, ಸೋರ್ತಾನೂ ಉಂಟು."

ದೊಡ್ಡಮ್ಮ ಕೈ ತಿರುಗಿಸಿ ನೋಡಿಕೊಂಡರು.

ಒಂದು ಬಿರುಕಿನಲ್ಲಿ ಕೀವು ಕಂಡದ್ದರಿಂದ ಮೊದಲು ಚರ್ಮದ ಡಾಕ್ಟರ ಹತ್ತಿರ ಕರಕೊಂಡು ಹೋದೆ. ಅದಕ್ಕೆಲ್ಲ ನನ್ನ ಬಸ್ಸಿನ ವಿದ್ಯೆ ಸಾಲದು. ಅವರು ಮುಲಾಮು ಕೊಟ್ಟು, ಮೆದು ಸೋಪು, ಕೆಲಸಕ್ಕೆ ಗ್ಲೌಸ್, ಕೈ ತೊಳೆದು ಪಸೆ ಇರುವಾಗಲೇ ಸೆರಮೈಡ್ ಇರುವ ಕ್ರೀಮು ಅಂದರು. ಆಗ ನನ್ನ ಮುಖ ನೋಡಬೇಕಿತ್ತು ನೀವು, ಪ್ರೈಜ್ ಬಂದವನ ಹಾಗೆ! ದೊಡ್ಡಮ್ಮ ಮನೆಗೆ ಬಂದು ಡಬ್ಬಿ ಮೂಸಿ ನೋಡಿದರು. "ಇದಕ್ಕೆ ಪರಿಮಳವೇ ಇಲ್ಲ. ಮಲ್ಲಿಗೆಯದ್ದು ಇರಲಿಲ್ವಾ?" ಬಿರುಕಿದ ಚರ್ಮಕ್ಕೆ ಪರಿಮಳವೂ ಉರಿ ತರಬಹುದು ಅಂದೆ. "ತೆಂಗಿನೆಣ್ಣೆ ಸಾಲದಾ?" ಎಣ್ಣೆ ಮೇಲೆ ಕೂತು ಪಸೆ ಕಾಯ್ತದೆ, ಸಂದು ತುಂಬುವ ಸಾಮಾನು ಬೇರೆ ಅಂದೆ.

ಕ್ರೀಮು ಹಚ್ಚಿಸುವುದು ಸುಲಭ, ಲಿಂಬೆ ಬಿಡಿಸುವುದೇ ಕಷ್ಟ. ಮರುದಿನವೇ ದೊಡ್ಡಮ್ಮ ಹಿತ್ತಿಲಲ್ಲಿ ಲಿಂಬೆ ಸಿಪ್ಪೆ ಸಮೇತ ಸಿಕ್ಕಿಬಿದ್ದರು. ಅಶ್ವಿನಿ ಬಾಯಿ ಮಾಡಿದಳು. ದೊಡ್ಡಮ್ಮ ಸಣ್ಣ ಸ್ವರದಲ್ಲಿ, "ಮಗುವಿಗೆ ಮೀನಿನ ವಾಸನೆ ಹಿಡೀತದೆ ಮಗಾ. ನಾಳೆ ಕಾರ್ಕಳದಲ್ಲಿ ಎತ್ತಿಕೊಂಡವರು ಎಂತ ಹೇಳಿಯಾರು?" ಅಂದರು.

ಅಶ್ವಿನಿ ಅಮ್ಮನ ಹತ್ತಿರ ಬಂದು ಕೂತಳು. "ನನ್ನನ್ನು ಯಾವ ಕೈಯಲ್ಲಿ ಮೀಯಿಸಿದ್ದಮ್ಮ? ಆ ವಾಸನೆ ಬಂದರೆ ನನಗೆ ಈಗಲೂ ನಿದ್ದೆ ಬರ್ತದೆ. ನನ್ನ ಮಗಳಿಗೆ ಯಾಕೆ ಬೇಡ ಅದು?"

ದೊಡ್ಡಮ್ಮ ಕೈಯಲ್ಲಿದ್ದ ಸಿಪ್ಪೆಯನ್ನು ತೆಂಗಿನ ಬುಡಕ್ಕೆ ಎಸೆದರು. ನಾನು ಇಷ್ಟು ದಿನ ಹೇಳಿದ ವಿಜ್ಞಾನ ಎಲ್ಲ ಅಲ್ಲಿಗೆ ಒಂದು ಬದಿಗಾಯ್ತು. ಬೇಜಾರಿಲ್ಲ. ಒಳ್ಳೆಯ ಕ್ರೀಮೂ ತಿಕ್ಕುವುದು ನಿಂತ ಮೇಲೆಯೇ ಕೆಲಸ ಮಾಡುವುದು, ತಿಕ್ಕುವುದನ್ನು ನಿಲ್ಲಿಸುವ ವಸ್ತು ಯಾವ ಡಬ್ಬಿಯ ಹಿಂದೆಯೂ ಬರೆದಿರುವುದಿಲ್ಲ.

ಚರ್ಮ ಅವಸರದ್ದಲ್ಲ, ವಾರಗಳೇ ಹಿಡಿದವು. ಅಶ್ವಿನಿಯ ಬ್ಯಾಗು ಅರ್ಧ ತುಂಬಿದ್ದಾಗ, ಒಂದು ಬೆಳಿಗ್ಗೆ ದೊಡ್ಡಮ್ಮ ತಾನೇ ಕಾಲು ನೀಡಿ ಕೂತರು. ಕೈ ರೇಷ್ಮೆ ಏನೂ ಆಗಿರಲಿಲ್ಲ, ಬಿರುಕು ಮುಚ್ಚಿತ್ತು, ಅಷ್ಟೆ. ಬಿಸಿನೀರಿಗೆ ಬೆರಳು ಅದ್ದಿ, ಮುಖ ಕಿವುಚಿ ಉರಿಗೆ ಕಾದರು. ಉರಿ ಬರಲಿಲ್ಲ. ನಿಧಾನ ಮಗುವಿನ ಬೆನ್ನ ಮೇಲೆ ಕೈ ಇಟ್ಟರು. ಮಗು ಕಿಟಾರನೆ ಕಿರುಚಿತು. ಬೆನ್ನಲ್ಲಿ ಗೆರೆ ಎದ್ದಿರಲಿಲ್ಲ, ನೀರು ಕಂಡರೆ ಎಲ್ಲ ಮಕ್ಕಳೂ ಕಿರುಚುವ ಹಾಗೆ ಕಿರುಚಿದ್ದು. ದೊಡ್ಡಮ್ಮ ತುಂಬಿದ ಕಣ್ಣು ಒರೆಸದೆ ನಕ್ಕರು: "ಕೂಗು, ಕೂಗು. ಮೀನು ಮಾರುವವಳ ಮೊಮ್ಮಗಳಿಗೆ ಸ್ವರ ಬೇಕು!"

ನಿಮ್ಮ ಮನೆಯಲ್ಲೂ ಹೀಗೆ ಸೆರಗಿನಲ್ಲಿ ಸುತ್ತಿಟ್ಟ ಕೈ ಇರಬಹುದು ಅಲ್ವಾ? ಯಾರದ್ದು, ಎಂತ ಹಚ್ಚಿದಿರಿ, ಎಂತ ಹೇಳಿ ಒಪ್ಪಿಸಿದಿರಿ, ನನಗೂ ಸ್ವಲ್ಪ ಬರೆದು ತಿಳಿಸಿ ಮಾರಾಯ್ರೆ.