ಫಿಟ್ಟರ ಮನೆಯ ಕೈಮರ

ಅವರ ಕತ್ತಿನ ಹಿಂಭಾಗದಲ್ಲಿ ಅಡ್ಡಡ್ಡವಾಗಿ ಮೂರು ಆಳವಾದ ಗೆರೆಗಳಿದ್ದವು. ಬಿಸಿಲಿಗೆ ಕಪ್ಪಾದ ಚರ್ಮದಲ್ಲಿ ಆ ಗೆರೆಗಳ ಒಳಗು ಮಾತ್ರ ಬೆಳ್ಳಗೆ ಉಳಿದಿತ್ತು. ತಲೆ ಬಗ್ಗಿಸಿದಾಗ ಕಾಣುತ್ತಿತ್ತು. ಮೂವತ್ತು ವರ್ಷ ರೈಲ್ವೆಯಲ್ಲಿ ಸಿಗ್ನಲ್ ಫಿಟ್ಟರ್ ಆಗಿ, ಹಳಿಯ ಪಕ್ಕದ ಕೈಮರಗಳನ್ನು ತಲೆಯೆತ್ತಿ ನೋಡಿದ ಗುರುತು ಅದು. ನಿವೃತ್ತರಾಗಿ ಅಜ್ಜಂಪುರದಲ್ಲಿ ನೆಲೆಸಿದ ಮೇಲೂ ಊರು ಅವರನ್ನು ಫಿಟ್ಟರು ಎಂದೇ ಕರೆಯಿತು.

ನಾನು ಆಗ ಒಂದು ದಿನಪತ್ರಿಕೆಗೆ ಕಡೂರು, ತರೀಕೆರೆ, ಅಜ್ಜಂಪುರದ ಸುದ್ದಿ ಬರೆಯುತ್ತಿದ್ದೆ. ನನ್ನ ವಾಸ ಅವರ ಮನೆಯಿಂದ ನಾಲ್ಕು ಮನೆ ಆಚೆಗೆ. ಫಿಟ್ಟರು ಹವ್ಯಾಸಿ ರೇಡಿಯೋದವರು. ಪರೀಕ್ಷೆ ಕೊಟ್ಟು ಪಡೆದ ಸರ್ಕಾರದ ಲೈಸೆನ್ಸಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಮನೆಯಲ್ಲೇ ಕಟ್ಟಿದ ಸೆಟ್ಟಿನ ಮುಂದೆ ಕೂತು ಸಿಲೋನು, ಆಫ್ರಿಕಾಗಳಲ್ಲಿದ್ದ ತಮ್ಮಂಥವರೊಡನೆ ಮಾತಾಡುತ್ತಿದ್ದರು.

ಮಾತು ಯಾವ ದಿಕ್ಕಿಗೆ ಹೋಗಬೇಕೋ ಏರಿಯಲ್ ಆ ದಿಕ್ಕಿಗೆ ತಿರುಗಬೇಕು. ಹಿತ್ತಿಲಲ್ಲಿ ಒಂದು ಕಬ್ಬಿಣದ ಕಂಬ; ಅದರ ತಲೆಯ ಮೇಲೆ ಮಲಗಿಸಿದ ಉದ್ದನೆಯ ಬಿದಿರ ಗಳು, ಗಳುವಿಗೆ ಅಡ್ಡಲಾಗಿ ಮೂರು ಕೊಳವೆ. ಕಂಬದ ಬುಡಕ್ಕೆ ಸೈಕಲ್ ಚಕ್ರ ಬಿಗಿದು, ಅದರಿಂದ ಎರಡು ತಂತಿಗಳನ್ನು ರಾಟೆಗಳ ಮೇಲೆ ಹಾಯಿಸಿ, ಗೋಡೆಯ ತೂತುಗಳಿಂದ ಒಳಕ್ಕೆ ತಂದಿದ್ದರು. ರೈಲ್ವೆಯ ಕ್ಯಾಬಿನ್ನಿನಿಂದ ಕೈಮರ ಎಳೆಯುವ ಕ್ರಮವೇ ಅದು. ಕುರ್ಚಿಯ ಪಕ್ಕದ ಹಿಡಿಕೆ ತಿರುಗಿಸಿದರೆ ಹೊರಗೆ ಕಂಬ ತಿರುಗುತ್ತಿತ್ತು. ಬಿಸ್ಕತ್ತಿನ ಡಬ್ಬದ ತಗಡಿನ ಮೇಲೆ ಎಂಟು ದಿಕ್ಕು ಬರೆದು ನಡುವೆ ಒಂದು ಮುಳ್ಳು ಕೂರಿಸಿದ್ದರು. ಏರಿಯಲ್ ಎತ್ತ ನೋಡುತ್ತಿದೆ ಎಂದು ಅದು ಹೇಳಬೇಕು.

ಆ ಮುಳ್ಳನ್ನು ಮಾಡಿದವರೂ ಅವರೇ, ಊರಿನಲ್ಲಿ ಅದನ್ನು ನಂಬದವರೂ ಅವರೊಬ್ಬರೇ. ನಾನು ಮೊದಲ ಸಲ ಹೋದಾಗ ಹಿಡಿಕೆ ತಿರುಗಿಸಿ, ಮುಳ್ಳು ನೈಋತ್ಯಕ್ಕೆ ಬಂದೊಡನೆ ನನ್ನ ಕಡೆ ನೋಡಿದರು.

"ಎತ್ತ ಇದೆ?"

"ನೈಋತ್ಯಕ್ಕೆ."

"ಹಿತ್ಲಿಗ್ ಹೋಗಿ ನೋಡ್ಕೊಂಡ್ ಬನ್ನಿ, ಪತ್ರಿಕೆಯೋರೆ."

ಹೋಗಿ ನೋಡಿದೆ. ಏರಿಯಲ್ ಇನ್ನೂ ಪಶ್ಚಿಮದಲ್ಲೇ ಇತ್ತು.

"ಬಿಸಿಲಿಗೆ ತಂತಿ ಉದ್ದ ಆಗುತ್ತೆ ಕಣ್ರೀ. ಕ್ಯಾಬಿನ್ನಲ್ಲಿ ಲಿವರ್ ಪೂರ್ತಿ ಬಂದಿರುತ್ತೆ, ಅಲ್ಲಿ ಕೈಮರದ ಕೈ ಅರ್ಧಕ್ಕೇ ನಿಂತಿರುತ್ತೆ. ಲಿವರ್ ಎಳೆದ್ರೆ ಕೈ ಬಿತ್ತು ಅಂತ ಅಲ್ಲ. ಒಂದ್ಸಲ ನಂಬಿದ್ದೆ ನಾನು. ಒಂದೇ ಸಲ."

ಆ ಒಂದು ಸಲ ಏನಾಯಿತೆಂದು ಅವರು ಹೇಳಲಿಲ್ಲ. ಒಳಗಿನಿಂದ ಅವರ ಹೆಂಡತಿ ಹೇಳಿದರು: "ಸಾರಿಗೆ ಉಪ್ಪು ಹಾಕಿದೀನಿ ಅಂದ್ರೆ ನನ್ನನ್ನೂ ನಂಬಲ್ಲ ಇವ್ರು. ಸೌಟು ನೆಕ್ಕೇ ನಂಬೋದು."

ಚೀನಾ ಯುದ್ಧ ಶುರುವಾದಾಗ, ಹವ್ಯಾಸಿಗಳು ತಮ್ಮ ಸೆಟ್ಟುಗಳನ್ನು ಒಪ್ಪಿಸಬೇಕೆಂದು ಅಪ್ಪಣೆ ಬಂತು. ಫಿಟ್ಟರು ಮಾರನೆಯ ದಿನವೇ ಸೆಟ್ಟನ್ನು ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತರೀಕೆರೆಗೆ ಒಯ್ದು ಪೊಲೀಸ್ ಠಾಣೆಗೆ ಕೊಟ್ಟು ಬಂದರು. ಆಮೇಲೆ ಮನೆಯ ಮುಂಬಾಗಿಲು ಮುಚ್ಚಿಯೇ ಇರುತ್ತಿತ್ತು. ಎದುರಿನ ಹೋಟೆಲಿಗೆ ಕಾಫಿಗೆ ಬರುವುದನ್ನೂ ಬಿಟ್ಟರು.

ಆದರೆ ಏರಿಯಲ್ ತಿರುಗುತ್ತಿತ್ತು.

ಮೊದಲು ಕಂಡವನು ಹೋಟೆಲಿನ ಯಜಮಾನ. "ಸ್ವಾಮಿ, ಸೆಟ್ ಕೊಟ್ಟೋನಿಗೆ ಇದ್ಯಾಕೆ ಬೇಕು? ಬೆಳಗಾದ್ರೆ ಸಾಕು, ಚೀನಾ ಕಡೆ ಮೂತಿ ಮಾಡ್ಕೊಂಡ್ ನಿಂತಿರುತ್ತೆ. ಇನ್ನೊಂದು ಸೆಟ್ ಅಟ್ಟದ ಮೇಲೈತೆ, ಬರ್ಕೊಳಿ ಬೇಕಾದ್ರೆ."

ನಾನು ಬರೆದುಕೊಂಡೆ. ಹನ್ನೊಂದು ದಿನ ಬೆಳಿಗ್ಗೆ ಎಂಟಕ್ಕೆ, ಪಕ್ಕದ ಸಂದಿಯಿಂದ ಅವರ ಹಿತ್ತಿಲು ಕಾಣುವ ಹಾಗೆ ಹೋಟೆಲಿನ ಬೆಂಚಿನ ಮೇಲೆ ಕೂತು ಏರಿಯಲ್ಲಿನ ದಿಕ್ಕನ್ನು ನೋಟ್‌ಬುಕ್ಕಿಗೆ ಇಳಿಸಿದೆ. ಬಹುತೇಕ ದಿನ ಈಶಾನ್ಯ. ಅದೇ ಹೊತ್ತಿಗೆ ಫಿಟ್ಟರು ಹಿತ್ತಿಲಿಗೆ ಬಂದು, ತಲೆಯೆತ್ತಿ ನೋಡಿ, ಒಳಗೆ ಹೋಗುತ್ತಿದ್ದುದನ್ನೂ ಬರೆದೆ. ಅವರನ್ನೇ ಕೇಳಬಹುದಿತ್ತು. ಕೇಳಿದರೆ ಎಚ್ಚರಗೊಳ್ಳುತ್ತಾರೆ ಎಂದು ಕೇಳಲಿಲ್ಲ. ಅವರ ಮನೆಯಲ್ಲಿ ಎಷ್ಟೋ ಸಲ ಊಟ ಮಾಡಿದ್ದೆ. ಅದನ್ನೂ ಸಂಶಯದ ಕಣ್ಣಿನಿಂದ ನೋಡತೊಡಗಿದ್ದೆ. ನನ್ನನ್ನು ಯಾಕೆ ಅಷ್ಟು ಹಚ್ಚಿಕೊಂಡರು?

ಫಿಟ್ಟರು ಏರಿಯಲ್ಲನ್ನು ದಿನವೂ ಚೀನಾ ದಿಕ್ಕಿಗೆ ತಿರುಗಿಸುತ್ತಿದ್ದಾರೆಂದು ವರದಿ ಬರೆದು ಕಳಿಸಿದೆ. ಅದು ಅಚ್ಚಾಗಿದ್ದರೆ ಅವರ ಪಿಂಚಣಿ, ಲೈಸೆನ್ಸು, ಊರಿನಲ್ಲಿ ತಲೆಯೆತ್ತಿ ನಡೆಯುವ ಹಕ್ಕು ಎಲ್ಲವೂ ಹೋಗುತ್ತಿತ್ತು. ವರದಿ ಟಪಾಲಿನಲ್ಲಿ ವಾಪಸು ಬಂತು. ಅಂಚಿನಲ್ಲಿ ಸಂಪಾದಕರ ಕೆಂಪು ಪೆನ್ಸಿಲ್ಲಿನ ಒಂದು ಸಾಲು: "ಆತನನ್ನು ಕೇಳಿದಿರಾ?"

ಅದನ್ನು ಜೇಬಿಗಿಟ್ಟುಕೊಂಡು ಹೊರಗೆ ಬಂದರೆ, ತರೀಕೆರೆಯ ಸಬ್ ಇನ್ಸ್‌ಪೆಕ್ಟರು ಹೋಟೆಲಿನ ಮುಂದೆ ನಿಂತಿದ್ದರು. ಫಿಟ್ಟರ ಮೇಲೆ ಯಾರೋ ಮೂಗರ್ಜಿ ಬರೆದಿದ್ದರು.

"ನೀವು ದಿನಾ ಬರೆದಿಟ್ಟಿದ್ದೀರಂತಲ್ಲ? ಪುಸ್ತಕ ತಗೊಂಡ್ ಬನ್ನಿ," ಎಂದರು.

ಹೋಟೆಲಿನ ಯಜಮಾನನೂ ಹೆಗಲ ಮೇಲಿನ ಟವೆಲು ಸರಿಪಡಿಸಿಕೊಂಡು ನಮ್ಮ ಹಿಂದೆ ಬಂದ. ಫಿಟ್ಟರು ಬಾಗಿಲು ತೆಗೆದು, ನನ್ನ ಕೈಲಿದ್ದ ನೋಟ್‌ಬುಕ್ಕನ್ನು ನೋಡಿದರು.

"ಏನ್ರೀ ಫಿಟ್ಟರೇ, ಸೆಟ್ ಒಪ್ಪಿಸಿ ಆಯ್ತು. ದಿನಾ ಇದನ್ನ ತಿರುಗಿಸೋದು ಯಾಕೆ?" ಎಂದು ಇನ್ಸ್‌ಪೆಕ್ಟರು ಕೇಳಿದರು.

"ಅದನ್ನ ಒಂಚೂರು ಕೊಡಿ," ಎಂದು ಫಿಟ್ಟರು ನೋಟ್‌ಬುಕ್ ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ಹನ್ನೊಂದು ದಿನವನ್ನೂ ನಿಧಾನವಾಗಿ ಓದಿದರು. "ದಿಕ್ಕೆಲ್ಲ ಸರಿಯಾಗೇ ಬರ್ದಿದ್ದಾರೆ. ನನ್ನ ಮುಳ್ಳಿಗಿಂತ ಇವರೇ ವಾಸಿ."

"ಹಾಗಾದ್ರೆ ಒಪ್ಕೊಂಡ್ರಾ?"

"ತಿರುಗಿದ್ದನ್ನ ಒಪ್ಕೊಂಡೆ. ಇವರು ಹೊಗೇನೂ ಬರ್ದಿದ್ದಾರೆ. ಅದನ್ನೂ ಓದಿ, ಸ್ವಾಮಿ."

ಕಂಡದ್ದನ್ನೆಲ್ಲ ಬರೆಯಬೇಕೆಂಬುದು ನನಗೆ ಪತ್ರಿಕೆ ಕಲಿಸಿದ ಅಭ್ಯಾಸ. ದಿಕ್ಕಿನ ಪಕ್ಕದಲ್ಲಿ, ಊರಿನ ಅಕ್ಕಿ ಮಿಲ್ಲಿನ ಹೊಗೆ ನೋಡಿ, ಹವಾ ಹೇಗಿದೆಯೆಂದೂ ಬರೆದಿದ್ದೆ, ಬರೆದು ಮರೆತಿದ್ದೆ. ಇನ್ಸ್‌ಪೆಕ್ಟರು ಗಟ್ಟಿಯಾಗಿ ಓದಿದರು: "'ಏರಿಯಲ್ ಈಶಾನ್ಯಕ್ಕೆ. ಮಿಲ್ಲಿನ ಹೊಗೆ ನೈಋತ್ಯಕ್ಕೆ.' ಮಾರನೇ ದಿನಾನೂ ಅದೇ. ಆರನೇ ದಿನ, 'ಗಾಳಿಯಿಲ್ಲ. ಹೊಗೆ ನೆಟ್ಟಗೆ ಮೇಲಕ್ಕೆ. ಏರಿಯಲ್ ಕದಲಲಿಲ್ಲ.'"

ಫಿಟ್ಟರು ನಮ್ಮನ್ನು ಸೆಟ್ಟಿನ ಕೋಣೆಗೆ ಕರೆದೊಯ್ದರು. ಗೋಡೆಯ ಕಡೆ ಕೈ ತೋರಿಸಿದರು. ತಂತಿ ಬರುತ್ತಿದ್ದ ಎರಡೂ ತೂತುಗಳಿಗೆ ತೆಂಗಿನ ನಾರು ತುರುಕಿತ್ತು. ಹಿಡಿಕೆ ಬೋಳಾಗಿ ನಿಂತಿತ್ತು.

"ತಂತಿ ನಿಮ್ಮ ಠಾಣೇಲೇ ಇದೆ. ಎರಡು ಸುರುಳಿ. ನಿಮ್ಮೋರು ಇದ್ಯಾಕೆ ಅಂದ್ರು, ನಾನೇ ಬಲವಂತ ಮಾಡಿ ರಸೀದೀಲಿ ಬರೆಸ್ದೆ. ನಾಳೆ ಯಾರೂ ಒಂದು ಮಾತು ಆಡ್ಬಾರ್ದು ಅಂತ."

ಹಿತ್ತಿಲಿಗೆ ಹೋದೆವು. ಕಂಬದಿಂದ ಗಳು ಮುಂದಕ್ಕಿಂತ ಹಿಂದಕ್ಕೆ ಉದ್ದವಾಗಿ ಚಾಚಿತ್ತು. ಇನ್ಸ್‌ಪೆಕ್ಟರು ಚಕ್ರ ಹಿಡಿದು ಏರಿಯಲ್ಲನ್ನು ದಕ್ಷಿಣಕ್ಕೆ ತಿರುಗಿಸಿ ಬಿಟ್ಟರು. ಗಾಳಿ ಆ ಉದ್ದನೆಯ ಬಾಲವನ್ನು ತಳ್ಳಿತು. ಅದು ಯಾರ ಅಪ್ಪಣೆಗೂ ಕಾಯದೆ, ನಿಧಾನವಾಗಿ ಬಂದು ಈಶಾನ್ಯಕ್ಕೆ ನಿಂತಿತು.

"ಹಿಡಿಯೋದಾದ್ರೆ ಗಾಳೀನೇ ಹಿಡಿದು ಒಳಗೆ ಹಾಕ್ಬೇಕು," ಎಂದು ಇನ್ಸ್‌ಪೆಕ್ಟರು ನಕ್ಕರು. "ಏನಪ್ಪಾ, ಅಟ್ಟ ಹತ್ತಿ ನೋಡ್ತೀಯಾ?" ಎಂದು ಹಿಂತಿರುಗಿದರೆ ಹೋಟೆಲಿನ ಯಜಮಾನ ಅಲ್ಲಿರಲಿಲ್ಲ.

ಇನ್ಸ್‌ಪೆಕ್ಟರು ಹೋದ ಮೇಲೆ ನಾನು ಜೇಬಿನ ವರದಿಯನ್ನು ಫಿಟ್ಟರ ಕೈಗೆ ಕೊಟ್ಟೆ. ಓದಿದರು. ಮಡಿಸಿ ನನಗೇ ವಾಪಸು ಕೊಟ್ಟರು.

"ಲಿವರ್ ಎಳೆದ್ರೆ ಕೈ ಬಿತ್ತು ಅಂತ ಅಲ್ಲ ಅಂತ ಹೇಳ್ಕೊಟ್ಟಿದ್ದೆ. ಕೈ ಅಲ್ಲಾಡಿದ್ರೆ ಯಾರೋ ಲಿವರ್ ಎಳೆದ್ರು ಅಂತಾನೂ ಅಲ್ಲ. ಅದನ್ನ ಹೇಳೋದು ಮರ್ತಿದ್ದೆ. ಇಟ್ಕೊಳಿ ಇದನ್ನ."

ಆಮೇಲೆ ಅವರು ಆ ವಿಷಯ ಎತ್ತಲಿಲ್ಲ. ಆ ಹಾಳೆ ಇವತ್ತಿಗೂ ನನ್ನಲ್ಲಿದೆ.

ಕೆಲವು ವರ್ಷಗಳ ಮೇಲೆ ಸೆಟ್ಟು, ತಂತಿ ಎರಡೂ ವಾಪಸು ಬಂದವು. ಫಿಟ್ಟರು ನಾರು ಕಿತ್ತು ತಂತಿ ಹಾಯಿಸಿದರು. ದಿನಕ್ಕೆ ಹತ್ತು ಸಲ ಹಿತ್ತಿಲಿಗೆ ಹೋಗಿ ತಲೆಯೆತ್ತಿ ನೋಡುವುದೂ, ತಂತಿ ಬಿಗಿ ಮಾಡುವುದೂ ಮತ್ತೆ ಶುರುವಾಯಿತು.

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಒಂದು ಬೇಸಿಗೆಯ ಮಧ್ಯಾಹ್ನ, ಅದೇ ಹೋಟೆಲಿನಲ್ಲಿ. "ಫಿಟ್ಟರು ಹೋಗ್ಬಿಟ್ರಂತೆ," ಎಂದು ಯಾರೋ ಅಂದರು. ನಾನು ಏನನ್ನೂ ಬರೆದುಕೊಳ್ಳದೆ ಎದ್ದು ಹೋದೆ. ಅವರ ಹೆಂಡತಿ ಬಾಗಿಲಲ್ಲಿ ಕೂತಿದ್ದರು. "ನೋಡ್ಬನ್ನಿ," ಎಂದರು. ನೋಡಿದೆ. ಹೊರಟು ಬರುವಾಗ ಸೆಟ್ಟಿನ ಕೋಣೆಯಲ್ಲಿ ತಗಡಿನ ಮೇಲಿನ ಮುಳ್ಳು ನೈಋತ್ಯ ತೋರಿಸುತ್ತಿತ್ತು. ಹಿತ್ತಿಲಿಗೆ ಹೋಗಿ ತಲೆಯೆತ್ತಿದೆ. ಬಿಸಿಲಿಗೆ ತಂತಿ ಸಡಿಲವಾಗಿ, ಏರಿಯಲ್ ಪಶ್ಚಿಮದಲ್ಲೇ ನಿಂತಿತ್ತು.

ಆಮೇಲೆ ಮನೆಗೆ ಬಂದು ಪತ್ರಿಕೆಗೆ ನಾಲ್ಕು ಸಾಲು ಬರೆದೆ.