ಹಸಿ ಸಿಮೆಂಟಿನ ಮೇಲೆ ಎರಡು ಕೊಡ ನೀರು

ಭಾನುವಾರ, ಜೂನ್ ೧೪, ೨೦೦೯, ಶಹಾಬಾದ್. ನಾವು ಬಾಡಿಗೆಗಿರುವ ಮಹಡಿಯ ಸಂಡಾಸದ ಪೈಪು ಜೋಡಣೆಯಲ್ಲಿ ಸೋರಿ, ಕೆಳಗೆ ಮಾಲೀಕರ ತುಳಸಿಕಟ್ಟೆಯ ಪಕ್ಕದಲ್ಲೇ ಹನಿಯುತ್ತಿತ್ತು.

"ಸಂಜಿ ಒಳಗ ನಿಲ್ಲಬೇಕ್ರಿ. ಇಲ್ಲಾಂದ್ರ ಬ್ಯಾರೆ ಮನಿ ನೋಡ್ಕೋರಿ," ಎಂದು ಮಾಲೀಕ ರಾಯರು ಬೆಳಿಗ್ಗೆಯೇ ಹೇಳಿದ್ದರು.

ಮಿಸ್ತ್ರಿ ಹಿತ್ತಲಲ್ಲಿ ಏಣಿ ಹಾಕಿ, ಜೋಡಣೆಗೆ ಸಿಮೆಂಟು ಮೆತ್ತಿದ. "ನಾಳಿ ತನಕಾ ಇದಕ್ಕ ಹನಿ ನೀರೂ ತಾಗಬಾರದ್ರಿ," ಎಂದ. ನಾವು ಸಂಡಾಸಕ್ಕೆ ಬೀಗ ಹಾಕಿ, ಪಕ್ಕದ ಮನೆಯವರ ಕೃಪೆಯಲ್ಲಿ ದಿನ ಕಳೆದೆವು.

ಸಂಜೆ ರಾಯರು ನನ್ನನ್ನು ಹಿತ್ತಲಿಗೆ ಕರೆದರು. ಗೋಡೆಯುದ್ದಕ್ಕೂ ಬೂದು ನೀರು ಇಳಿದಿತ್ತು.

"ಏನ್ರಿ ಮಾಸ್ತರ, ಮತ್ತ ಸೋರಾಕತ್ತದಲ್ಲ! ಇದೇ ಏನ್ರಿ ನಿಮ್ಮ ರಿಪೇರಿ?"

ನಾನು ಬಾಯಿ ತೆರೆಯುವ ಮೊದಲೇ ಮಹಡಿಯ ಮೆಟ್ಟಿಲ ಮೇಲಿಂದ ಅವರ ತಾಯಿಯ ದನಿ ಬಂತು. ಮಡಿಸೀರೆ, ಕೈಯಲ್ಲಿ ಖಾಲಿ ಕೊಡ.

"ಅವರಿಗ್ಯಾಕ ಬೈತೀಯೋ? ಸಂಡಾಸದ ನೀರು ಹರದ ಪೈಪು, ಮೈಲಿಗಿ ಅಲ್ಲೇನು? ತುಳಸಿ ಮುಂದ ದೀಪಾ ಹೆಂಗ ಹಚ್ಚಲಿ? ನಾನೇ ಇಲ್ಲಿಂದ ಎರಡು ಕೊಡ ಸುರದು ತೊಳದೀನಿ."

ರಾಯರು ತಾಯಿಯನ್ನು ನೋಡಿದರು, ಪೈಪನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಚೊಲೋ ಮಿಸ್ತ್ರಿ ಆಗಿದ್ರ ಇಷ್ಟಕ್ಕೆಲ್ಲ ಸಿಮೆಂಟು ಹೋಗ್ತಿರಲಿಲ್ರಿ. ನಾಳಿ ಸಂಜಿ ತನಕಾ ನೋಡ್ತೀನಿ."

ಗೆಳೆಯರೇ, ನಾಳೆ ಮಿಸ್ತ್ರಿ ಏಣಿ ಹತ್ತುವ ಮೊದಲೇ ಅಜ್ಜಿಯಿಂದ ಪೈಪು ತೊಳೆಸಿಬಿಡಬೇಕೆಂದು ನಿರ್ಧರಿಸಿದ್ದೇನೆ. ಅದನ್ನು ಅಜ್ಜಿಗೆ ಹೇಳುವುದೊಂದು ಬಾಕಿಯಿದೆ. ಸಂಡಾಸಕ್ಕೆ ಹಾಕಿದ ಬೀಗ ಹಾಗೇ ಇದೆ.